ಅಠಾರ ಕಚೇರಿಯ ಮೊಕದ್ದಮೆ

ಬೆಂಗಳೂರನ್ನು ಮೊದಲ ಸಲ ನೋಡಲು ಬಂದವರು ವಿಧಾನಸೌಧದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವುದು ವಾಡಿಕೆ. ಹಾಗೆ ಚಿತ್ರ ತೆಗೆಯುವವನ ಬೆನ್ನ ಹಿಂದೆ, ರಸ್ತೆಯ ಆಚೆಗೆ, ಮರಗಳ ನಡುವೆ ಒಂದು ಕೆಂಪು ಕಟ್ಟಡವಿದೆ. ಅದು ಚಿತ್ರದಲ್ಲಿ ಬೀಳುವುದಿಲ್ಲ. ಆದರೆ ವ್ಯಾಜ್ಯ ಹೊತ್ತುಕೊಂಡು ಬಂದವನಿಗೆ ಈ ಎರಡು ಕಟ್ಟಡಗಳಲ್ಲಿ ಮೊದಲು ಕಾಣುವುದು ಆ ಕೆಂಪು ಕಟ್ಟಡವೇ. ಒಂದರಲ್ಲಿ ಕಾನೂನು ಮಾಡುತ್ತಾರೆ. ಇನ್ನೊಂದರಲ್ಲಿ ಅದರ ಅರ್ಥ ಹೇಳುತ್ತಾರೆ. ಅರ್ಥ ಹೇಳುವ ಮನೆ ಮಾಡುವ ಮನೆಗಿಂತ ಸುಮಾರು 90 ವರ್ಷ ಹಿರಿಯದು. ಜನ ಅದನ್ನು ಇಂದಿಗೂ ಅಠಾರ ಕಚೇರಿ ಎಂದೇ ಕರೆಯುತ್ತಾರೆ. ಅದು ಕರ್ನಾಟಕದ ಹೈಕೋರ್ಟು.

ಹೆಸರಿನಿಂದಲೇ ಪ್ರಾರಂಭಿಸೋಣ. 'ಅಠಾರಾ' ಎಂದರೆ ಹಿಂದುಸ್ತಾನಿಯಲ್ಲಿ ಹದಿನೆಂಟು. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಬಂದುದರಿಂದ ಈ ಹೆಸರು ಬಂತೆಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ, ಆದರೆ ಹೆಸರು ಕಟ್ಟಡಕ್ಕಿಂತ ಬಹಳ ಹಳೆಯದು. ಮೈಸೂರಿನ ಚಿಕ್ಕದೇವರಾಜ ಒಡೆಯರು ಔರಂಗಜೇಬನ ಬಳಿಗೆ ರಾಯಭಾರ ಕಳಿಸಿದ್ದರು. ಆ ರಾಯಭಾರ 1700ರ ಸುಮಾರಿಗೆ ಹಿಂತಿರುಗಿದ ಮೇಲೆ, ಮೊಗಲರ ಆಡಳಿತವನ್ನು ನೋಡಿ, ರಾಜ್ಯದ ಕೆಲಸವನ್ನು ಹದಿನೆಂಟು ಕಚೇರಿಗಳಾಗಿ ವಿಂಗಡಿಸಿದರೆಂದು ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ. ಹದಿನೆಂಟು ಪುರಾಣ, ಹದಿನೆಂಟು ಪರ್ವಗಳ ನಾಡಿನಲ್ಲಿ ಆ ಸಂಖ್ಯೆಗೆ ದೆಹಲಿಯ ಅಪ್ಪಣೆಯೇ ಬೇಕಾಗಿತ್ತೇನು ಎಂದು ನನಗೆ ಅನಿಸುವುದುಂಟು. ಅದೇನೇ ಇರಲಿ, ಒಡೆಯರ ಕಾಲದ ಮಾತೊಂದು ಒಂದೂವರೆ ಶತಮಾನ ದಾಟಿ ಬ್ರಿಟಿಷರು ಕಟ್ಟಿದ ಕಟ್ಟಡಕ್ಕೆ ಅಂಟಿಕೊಂಡಿತು. ಕಾಗದಪತ್ರಗಳಲ್ಲಿ ಅದಕ್ಕಿದ್ದ ಇಂಗ್ಲಿಷ್ ಹೆಸರನ್ನು ಜನ ಬಳಸಲೇ ಇಲ್ಲ.

1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡು ಕಮಿಷನರರ ಆಳ್ವಿಕೆಯನ್ನು ಸ್ಥಾಪಿಸಿದಾಗ ರಾಜಧಾನಿ ಬೆಂಗಳೂರಿಗೆ ಬಂತು. ಕಚೇರಿಗಳಿಗೆ ಮನೆ ಎಲ್ಲಿ? ಕೋಟೆಯೊಳಗೆ ಟಿಪ್ಪುವಿನ ಅರಮನೆಯಿತ್ತು. 1791ರಲ್ಲಿ ಮುಗಿದ, ಮರದ ಕಂಬಗಳ ಆ ಬೇಸಗೆ ಅರಮನೆಯಲ್ಲಿ ಗುಮಾಸ್ತರು ಮೂವತ್ತೇಳು ವರ್ಷ ಕುಳಿತು ಲೆಕ್ಕ ಬರೆದರು. ರಾಜನೊಬ್ಬ ತಂಗಾಳಿಗಾಗಿ ಕಟ್ಟಿಸಿದ ಮಂಟಪದಲ್ಲಿ ಕಂದಾಯದ ದಫ್ತರಗಳು ಬೆಳೆಯುತ್ತ ಹೋದರೆ ಏನಾಗಬಹುದೆಂಬುದನ್ನು ಯಾರಾದರೂ ಊಹಿಸಿಕೊಳ್ಳಬಹುದು. ಮಾರ್ಕ್ ಕಬ್ಬನ್ ಕಮಿಷನರನಾಗಿದ್ದ ದೀರ್ಘಕಾಲವೂ, ಅಂದರೆ 1834ರಿಂದ 1861ರವರೆಗೂ, ಸರಕಾರ ಅಲ್ಲಿಯೇ ನಡೆಯಿತು. ಅವನ ನಂತರ ಬಂದ ಲೂಯಿನ್ ಬೌರಿಂಗ್ ಹೊಸ ಕಟ್ಟಡಕ್ಕೆ ಕೈಹಾಕಿದ. 1864ರಲ್ಲಿ ಕೆಲಸ ಪ್ರಾರಂಭವಾಗಿ 1868ರಲ್ಲಿ ಮುಗಿಯಿತು. ನಕ್ಷೆ ಮಾಡಿದವನು ಎಂಜಿನಿಯರ್ ರಿಚರ್ಡ್ ಸ್ಯಾಂಕಿ. ಬೆಂಗಳೂರಿನವರಿಗೆ ಸ್ಯಾಂಕಿ ಕೆರೆಯಿಂದ ಪರಿಚಿತನಾದವನು. ಕಟ್ಟಿಸಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಈ ಮೊದಲಿಯಾರರೇ ಮುಂದೆ 1873ರಲ್ಲಿ ದಂಡು ಪ್ರದೇಶದಲ್ಲಿ ಒಂದು ಶಾಲೆಯನ್ನು ಸ್ಥಾಪಿಸಿದರು. ಅವರ ಹೆಸರಿನ ವಿದ್ಯಾಸಂಸ್ಥೆಗಳು ಇಂದಿಗೂ ನಡೆಯುತ್ತಿವೆ. ಹೀಗೆ ಹೆಸರು ಹಿಂದುಸ್ತಾನಿ, ನಕ್ಷೆ ವಿಲಾಯಿತಿ, ಗುತ್ತಿಗೆದಾರರು ತಮಿಳು ಮೂಲದವರು, ನೆಲ ಕನ್ನಡದ್ದು. ಇಂಥ ಕಟ್ಟಡವನ್ನು ಯಾರದೆಂದು ಹೇಳಬೇಕು? ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಕಟ್ಟಡದ ಶೈಲಿಯನ್ನು ಗ್ರೀಕ್-ರೋಮನ್ ಎನ್ನುತ್ತಾರೆ. ಕಲ್ಲು ಮತ್ತು ಇಟ್ಟಿಗೆಯ ಎರಡು ಅಂತಸ್ತು. ಉದ್ದಕ್ಕೆ ಚಾಚಿಕೊಂಡ ಮೈ. ನಡುವೆ ಮತ್ತು ಎರಡು ತುದಿಗಳಲ್ಲಿ ಮುಂಚಾಚಿದ ಮುಖಮಂಟಪಗಳು. ಅವುಗಳಿಗೆ ಅಯೋನಿಕ್ ಕಂಬಗಳು, ಅಂದರೆ ತಲೆಯಲ್ಲಿ ಎರಡು ಸುರುಳಿ ಇರುವ ಕಂಬಗಳು. ಮುಖಮಂಟಪಗಳ ನಡುವೆ ಕಮಾನುಗಳ ಸಾಲು. ಇದರಲ್ಲಿ ಬೆರಗುಗೊಳಿಸುವ ಕೆತ್ತನೆ ಇಲ್ಲ. ಬೇಲೂರಿನ ಮದನಿಕೆಯನ್ನು ನೋಡಿ ಬಂದವನು ಇಲ್ಲಿ ಅಂಥದನ್ನು ಹುಡುಕಬಾರದು. ಇಲ್ಲಿರುವುದು ಅಳತೆ. ಒಂದು ಕಮಾನಿನಿಂದ ಇನ್ನೊಂದು ಕಮಾನಿಗೆ ಕಣ್ಣು ಆತುರವಿಲ್ಲದೆ ಸರಿಯುತ್ತದೆ. ದಣಿದು ನಿಲ್ಲಬೇಕೆನ್ನುವಾಗ ಒಂದು ಮುಖಮಂಟಪ ಸಿಗುತ್ತದೆ. ನಮ್ಮ ಹವೆಗೆ ಬೇಕಾದುದನ್ನು ಆ ಎಂಜಿನಿಯರರು ಕಲಿತುಕೊಂಡಿದ್ದರು: ಎತ್ತರವಾದ ಮಾಳಿಗೆ, ದಪ್ಪ ಗೋಡೆ, ಬಿಸಿಲು ನೇರವಾಗಿ ಒಳಗೆ ಬೀಳದಂತೆ ತಡೆಯುವ ಓಣಿಯಂಥ ಜಗಲಿ. ಆ ಜಗಲಿಯೇ ನ್ಯಾಯಾಲಯಕ್ಕೆ ಅತ್ಯಂತ ಒಪ್ಪಿದ ಭಾಗವೆಂದು ನನ್ನ ಅಭಿಪ್ರಾಯ. ಕೋರ್ಟಿನ ಕೆಲಸದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಾಯುವುದು. ಕಕ್ಷಿದಾರ ಕಾಯುತ್ತಾನೆ, ವಕೀಲ ಕಾಯುತ್ತಾನೆ, ಗುಮಾಸ್ತ ಕಾಯುತ್ತಾನೆ. ಕಾಯುವವನಿಗೆ ನೆರಳು ಕೊಡದ ನ್ಯಾಯಾಲಯ ಎಷ್ಟು ಭವ್ಯವಾಗಿದ್ದರೂ ಅರ್ಧ ನ್ಯಾಯಾಲಯವೇ.

ಕೆಂಪು ಬಣ್ಣದ ಬಗೆಗೆ ಒಂದು ಮಾತು. ಕಬ್ಬನ್ ಪಾರ್ಕಿನ ಸುತ್ತಿನ ಸರಕಾರಿ ವಸ್ತುಸಂಗ್ರಹಾಲಯ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಈ ಕಚೇರಿ — ಮೂರಕ್ಕೂ ಹೆಚ್ಚುಕಡಿಮೆ ಒಂದೇ ಕೆಂಪು. ರಾಜಧಾನಿಯವರು ಅದನ್ನು ಇಟಲಿಯ ಊರೊಂದರ ಹೆಸರಿನಿಂದ ಕರೆಯುತ್ತಾರೆ. ಭಟ್ಕಳದ ಮಗ್ಗುಲಿನ ಹೆಬಳೆಯಿಂದ ಹೋದ ನನ್ನಂಥವನಿಗೆ ಅದು ಚೀರೆಕಲ್ಲಿನ ಬಣ್ಣ. ಮಳೆ ಬಿದ್ದು ನಿಂತ ಮೇಲೆ ನಮ್ಮೂರ ಬಾವಿಕಟ್ಟೆ ಕಾಣುವುದು ಹೀಗೆಯೇ.

ಹೆಬಳೆಯವನಿಗೆ ಬೆಂಗಳೂರಿನ ಕಚೇರಿಯ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ನಮ್ಮ ಕರಾವಳಿಯ ವ್ಯಾಜ್ಯಗಳು ನಡೆದ ದಾರಿಯನ್ನು ಹೇಳಿದರೆ ಉತ್ತರ ಸಿಕ್ಕೀತು. ಟಿಪ್ಪುವಿನ ಪತನದ ನಂತರ, 1799ರಲ್ಲಿ, ಕನ್ನಡ ಜಿಲ್ಲೆ ಕಂಪೆನಿಯ ಕೈ ಸೇರಿ ಮದ್ರಾಸಿಗೆ ಅಧೀನವಾಯಿತು. ಆಗ ಹೊನ್ನಾವರದಲ್ಲಿ ಜಿಲ್ಲಾ ನ್ಯಾಯಾಲಯವಿತ್ತು. ಮದ್ರಾಸಿನ ಹಳೆಯ ತೀರ್ಪುಗಳ ಸಂಪುಟಗಳಲ್ಲಿ 'ಹೋನೋರ್' ಎಂದು ಬರುವುದು ನಮ್ಮ ಹೊನ್ನಾವರವೇ. ಅಪೀಲು ಹೋಗಬೇಕಾದರೆ ಘಟ್ಟ ಹತ್ತಿ, ದಖನ್ನನ್ನು ದಾಟಿ, ಪೂರ್ವ ಸಮುದ್ರದ ದಡಕ್ಕೆ! 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅದಕ್ಕೆ ಕಾರಣ ನಾವಲ್ಲ, ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಮ್ಯಾಂಚೆಸ್ಟರಿನ ಮಗ್ಗಗಳಿಗೆ ಹತ್ತಿ ಬೇಕಾಗಿತ್ತು. ಧಾರವಾಡದ ಕಡೆಯ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂದು ಮುಂಬಯಿಯ ವರ್ತಕರು ಪಟ್ಟು ಹಿಡಿದಿದ್ದರು. ಹೀಗೆ ಭಟ್ಕಳದ ದಕ್ಷಿಣಕ್ಕೆ ಪ್ರಾಂತದ ಗಡಿ ಬಿತ್ತು. ಗಡಿಯ ಈಚೆಗಿನ ಗದ್ದೆಯ ತಕರಾರು ಮುಂಬಯಿಗೆ, ಆಚೆಗೆ ಬೈಂದೂರಿನ ಗದ್ದೆಯ ತಕರಾರು ಮದ್ರಾಸಿಗೆ. ಎರಡೂ ಕಡೆ ಒಂದೇ ಭಾಷೆ, ಒಂದೇ ಭತ್ತ.

ಮುಂಬಯಿಯಲ್ಲಿ ನಮ್ಮ ಕಡೆಯವರು ಗೆದ್ದರೆ? ಎಲ್ಲರಿಗೂ ನೆನಪಿರಬೇಕಾದ ಮೊಕದ್ದಮೆಯೊಂದರಲ್ಲಿ ಸೋತರು. ಹೊಸ ಮೋಜಣಿಯ ನಂತರ ಸರಕಾರ ಭೂಕಂದಾಯವನ್ನು ಏರಿಸಲು ಹೊರಟಾಗ, ಹಿಂದಿನ ಅರಸರ ಕಾಲದಿಂದ ನಮ್ಮ ಮೂಲವರ್ಗದ ಭೂಮಿಯ ತೆರಿಗೆ ನಿಗದಿಯಾಗಿದೆ, ಅದನ್ನು ಮನಬಂದಂತೆ ಹೆಚ್ಚಿಸುವ ಹಕ್ಕು ನಿಮಗಿಲ್ಲ ಎಂದು ವೈಕುಂಠ ಬಾಪೂಜಿ ಎಂಬವರು ಮುಂಬಯಿ ಸರಕಾರದ ಮೇಲೆಯೇ ದಾವೆ ಹೂಡಿದರು. ವಿಜಯನಗರದ ತೆರಿಗೆ, ಬಿದನೂರಿನ ಶಿವಪ್ಪ ನಾಯಕನ ಶಿಸ್ತು, ಹೈದರನ ಏರಿಕೆ, ಮನ್ರೋವಿನ ವರದಿ — ಎಲ್ಲವೂ ನ್ಯಾಯಾಧೀಶರ ಮುಂದೆ ಬಂದುವು. 1875ರಲ್ಲಿ ತೀರ್ಪು ಸರಕಾರದ ಪರವಾಯಿತು. ಆದರೂ ಆ ತೀರ್ಪು ಕನ್ನಡ ಕರಾವಳಿಯ ಭೂಮಿಯ ಇತಿಹಾಸವನ್ನು ತಿಳಿಯಬೇಕೆನ್ನುವವನಿಗೆ ಇಂದಿಗೂ ಒಂದು ಗಣಿ. ಆಗ ಮುಂಬಯಿ ಹೈಕೋರ್ಟಿನ ಈಗಿನ ಗಾಥಿಕ್ ಕಟ್ಟಡ ಇನ್ನೂ ಏಳುತ್ತಿತ್ತು. ಅದು ಮುಗಿದದ್ದು 1878ರಲ್ಲಿ.

ಕಾರವಾರದ ಜಿಲ್ಲಾ ನ್ಯಾಯಾಲಯದ ಮಾತು ಬಂದಾಗ ಮತ್ತೊಂದು ಸಂಗತಿ. ಸಿವಿಲ್ ಸರ್ವಿಸನ್ನು ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅವರ ತಮ್ಮ, ಇಪ್ಪತ್ತೆರಡು ವರ್ಷದ ತರುಣ ರವೀಂದ್ರನಾಥ, ಅಣ್ಣನ ಮನೆಯಲ್ಲಿ ಬಂದಿದ್ದು 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಬರೆದರು. ಇಂದು ಕಾರವಾರದ ಕಡಲತೀರಕ್ಕೆ ತಮ್ಮನ ಹೆಸರಿದೆ. ನ್ಯಾಯಾಧೀಶನನ್ನು ಮರೆತು ಅವನ ಮನೆಗೆ ಬಂದ ಅತಿಥಿಯನ್ನು ನೆನಪಿಟ್ಟುಕೊಳ್ಳುವುದು ಲೋಕರೂಢಿ; ಕಟ್ಟಡಗಳ ಪಾಡಂತೂ ಹೇಳಬೇಕಾಗಿಲ್ಲ.

ನಮ್ಮ ಅಜ್ಜ ಒಂದು ತೆಂಗಿನ ತೋಟದ ಗಡಿಗಾಗಿ ಮುಂಬಯಿಗೆ ಹೋಗಿ ಬಂದವರು. ಆಗ ಕರಾವಳಿಯಲ್ಲಿ ರೈಲಿರಲಿಲ್ಲ. ಮಳೆಗಾಲದಲ್ಲಿ ಆಗಬೋಟೂ ಇಲ್ಲ. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ನಮಗಾದ ಲಾಭಗಳಲ್ಲಿ ದೊಡ್ಡದು ಯಾವುದೆಂದರೆ, ಕನ್ನಡದ ಕಕ್ಷಿದಾರ ಕನ್ನಡ ಬಲ್ಲ ಊರಿಗೆ ಅಪೀಲು ಒಯ್ಯಬಹುದಾದದ್ದು. ತಂದೆಯವರ ಕಾಲಕ್ಕೆ ಅದೇ ತೋಟದ ಕಾಗದಗಳು ಬೆಂಗಳೂರಿಗೆ ಹೋದುವು. 1960ರ ದಶಕದಲ್ಲಿ ಅವರ ಚೀಲ ಹಿಡಿದುಕೊಂಡು ಹೋಗಿ ಆ ಜಗಲಿಯಲ್ಲಿ ನಾನೂ ಕಾದು ಕುಳಿತಿದ್ದೇನೆ. ಬೆಂಗಳೂರಿನಲ್ಲಿ ನಾನು ಮೊದಲು ಗಮನವಿಟ್ಟು ನೋಡಿದ ಕಟ್ಟಡ ಅದು. ಬೇರೆ ಕೆಲಸವಿರಲಿಲ್ಲವಾದ್ದರಿಂದ ಕಮಾನುಗಳನ್ನು ಎಣಿಸುತ್ತಿದ್ದೆ.

ಅಷ್ಟರಲ್ಲಿ ಕಟ್ಟಡದ ಪದವಿಯೂ ಬದಲಾಗಿತ್ತು. ಮೈಸೂರಿನಲ್ಲಿ 1884ರಲ್ಲಿ ಮೂವರು ನ್ಯಾಯಾಧೀಶರ ಚೀಫ್ ಕೋರ್ಟು ಸ್ಥಾಪನೆಯಾಗಿ 1930ರಲ್ಲಿ ಹೈಕೋರ್ಟೆಂಬ ಹೆಸರು ಪಡೆದಿತ್ತು. ಅಠಾರ ಕಚೇರಿಯಾದರೋ ಸಚಿವಾಲಯವಾಗಿಯೇ ಹೆಸರಾಗಿತ್ತು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಎದುರುಗಡೆಯ ನೆಲದಲ್ಲಿ ವಿಧಾನಸೌಧಕ್ಕೆ ಅಸ್ತಿಭಾರವಿಟ್ಟರು. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾದ ಮೇಲೆ ಅದರ ನಕ್ಷೆ ಹಿಗ್ಗಿತು. ರಷ್ಯಾದಿಂದ ಬಂದ ನಿಯೋಗದವರು ಬೆಂಗಳೂರನ್ನು ನೋಡಿ, ಇಲ್ಲಿರುವುದೆಲ್ಲ ಐರೋಪ್ಯ ಕಟ್ಟಡಗಳೇ, ನಿಮ್ಮದೆಂಬ ವಾಸ್ತುಶಿಲ್ಪವಿಲ್ಲವೆ ಎಂದು ಕೇಳಿದರಂತೆ. ಆ ಮಾತು ಹನುಮಂತಯ್ಯನವರನ್ನು ಚುಚ್ಚಿತಂತೆ. ಆ ಚುಚ್ಚುಮಾತಿಗೆ ಕಲ್ಲಿನಲ್ಲಿ ಕೊಟ್ಟ ಉತ್ತರವೇ ವಿಧಾನಸೌಧ: 700 ಅಡಿ ಉದ್ದ, 350 ಅಡಿ ಅಗಲ, ದ್ರಾವಿಡ ಗೋಪುರ, ಸಾಲು ಕಂಬ. ಆ ಪ್ರವಾಸಿಗಳು ನೋಡಿದ ಕಟ್ಟಡಗಳಲ್ಲಿ ಅಠಾರ ಕಚೇರಿಯೂ ಒಂದಾಗಿರಬೇಕು. ಎಂದರೆ, ಎದುರುಮನೆಯನ್ನು ನಾಚಿಸಲೆಂದೇ ಕಟ್ಟಿದ ಮನೆ ಇದು ಎನ್ನಬಹುದು. ಆದರೆ ವಿಚಿತ್ರ ನೋಡಿ: 1956ರಲ್ಲಿ ಸಚಿವಾಲಯ ರಸ್ತೆ ದಾಟಿ ಹೊಸ ಮನೆಗೆ ಹೋದುದರಿಂದಲೇ ಹಳೆಯ ಮನೆಗೆ ಹೊಸ ಆಯುಷ್ಯ ಬಂತು. ವಿಸ್ತಾರವಾದ ರಾಜ್ಯದ ಹೈಕೋರ್ಟಿಗೆ ಅದು ನೆಲೆಯಾಯಿತು. ಅಪ್ಪಣೆ ಹೊರಡಿಸುತ್ತಿದ್ದ ಸ್ಥಳ ಅಪ್ಪಣೆಯನ್ನು ಪ್ರಶ್ನಿಸುವ ಸ್ಥಳವಾಯಿತು. ಕಮಿಷನರರ ಆಜ್ಞೆಗಳು ಹೊರಟ ಬಾಗಿಲಿನಿಂದಲೇ ರೈತನೊಬ್ಬ ಸರಕಾರದ ಮೇಲೆ ರಿಟ್ ಅರ್ಜಿ ಹಿಡಿದು ಒಳಗೆ ನಡೆದ. ಆ ಕಟ್ಟಡ ನಮ್ಮದಾದದ್ದು ಆ ದಿನವೆಂದು ನಾನು ಲೆಕ್ಕ ಹಾಕುತ್ತೇನೆ. ಕಂಬದ ತಲೆಯ ಸುರುಳಿ ಗ್ರೀಸಿನದೋ ರೋಮಿನದೋ ಎಂಬುದರಿಂದ ಅದು ತೀರ್ಮಾನವಾಗುವುದಿಲ್ಲ. ಕಲ್ಲನ್ನು ಹೊತ್ತವರು ಇಲ್ಲಿನವರು, ಹಣ ಇಲ್ಲಿನ ಕಂದಾಯದ್ದು, ಒಳಗೆ ನಿಂತು ಕೈಮುಗಿದು ತಮ್ಮ ಬಾಳಿನ ತೀರ್ಪನ್ನು ಕೇಳಿದವರು ಇಲ್ಲಿನವರು. ಇದಕ್ಕಿಂತ ಬೇರೆ ದಸ್ತಾವೇಜು ಯಾವುದು ಬೇಕು?

ಆದರೂ 1982ರಲ್ಲಿ ಅದನ್ನು ಕೆಡವಬೇಕೆಂಬ ಪ್ರಸ್ತಾಪ ಬಂತು. ಆಗ ಊರಿನ ಕೆಲವರು ಸುಮ್ಮನಿರಲಿಲ್ಲ. ಕಟ್ಟಡದ ಪರವಾಗಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದನ್ನು ಹೈಕೋರ್ಟಿಗೆ ಸಲ್ಲಿಸಿದರು. ಕರ್ನಾಟಕದಲ್ಲಿ ಆ ಬಗೆಯ ಅರ್ಜಿಗಳಲ್ಲಿ ಅದೇ ಮೊದಲನೆಯದೆಂದು ಹೇಳುತ್ತಾರೆ. ಆ ಮೊಕದ್ದಮೆಯ ವಿಚಾರಣೆ ನಡೆದದ್ದು ಕೆಡವಬೇಕೆಂದಿದ್ದ ಅದೇ ಕಟ್ಟಡದೊಳಗೆ! ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬುದು ಕಾನೂನಿನ ಮೂಲಸೂತ್ರ. ಆದರೆ ತನ್ನ ಮೊಕದ್ದಮೆ ತನ್ನ ಸೂರಿನಡಿಯಲ್ಲಿ ನಡೆಯಬಾರದೆಂದು ಯಾವ ಸೂತ್ರವೂ ಇಲ್ಲವಷ್ಟೆ. ಕಡೆಗೆ ಕಟ್ಟಡ ಉಳಿಯಿತು.

ಈ ಪ್ರಸಂಗವನ್ನು ಹೇಳುವವರೆಲ್ಲ ಅದರ ವಿನೋದವನ್ನು ಹೇಳಿ ಮುಗಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆಂದು ತೋರುವುದು ಅರ್ಜಿ ಹಾಕಿದವರ ಸ್ಥಾನ. ಸಾಮಾನ್ಯವಾಗಿ ಕೋರ್ಟಿಗೆ ಹೋಗುವವನು ತನ್ನ ಗದ್ದೆಗಾಗಿ, ತನ್ನ ತೋಟಕ್ಕಾಗಿ, ತನ್ನ ನೌಕರಿಗಾಗಿ ಹೋಗುತ್ತಾನೆ. ನಿನಗೇನು ನಷ್ಟ ಎಂಬುದೇ ನ್ಯಾಯಾಲಯ ಕೇಳುವ ಮೊದಲ ಪ್ರಶ್ನೆ. ಹಳೆಯ ಕಟ್ಟಡವೊಂದು ಬಿದ್ದರೆ ಒಬ್ಬ ಪೌರನಿಗೆ ಏನು ನಷ್ಟ? ಅವನ ಹೆಸರಿನಲ್ಲಿ ಪಹಣಿ ಇಲ್ಲ, ಕರಾರಿಲ್ಲ. ಆದರೂ ಆ ಕಟ್ಟಡದಲ್ಲಿ ನನ್ನ ಪಾಲಿದೆ ಎಂದು ಹೇಳಲು ಒಬ್ಬ ಸಾಮಾನ್ಯನಿಗೆ ಬಾಗಿಲು ತೆರೆಯಿತು. ಬೇರಾವ ವಾಸ್ತುಗುಣಕ್ಕಿಂತ ಇದೇ ಆ ಕಟ್ಟಡದ ಹೆಚ್ಚುಗಾರಿಕೆ.

ಉಳಿದ ಕಟ್ಟಡ ಉಳಿದ ಹಾಗೆಯೇ ಇರುವುದಿಲ್ಲವೆಂಬುದೂ ನಿಜ. ಮೂವರು ನ್ಯಾಯಾಧೀಶರಿಂದ ಪ್ರಾರಂಭವಾದ ನ್ಯಾಯಾಲಯಕ್ಕೆ ಮಂಜೂರಾದ ಸ್ಥಾನಗಳು 62ಕ್ಕೆ ಏರಿವೆ. ಹಿಂದುಗಡೆ ಹೊಸ ಕಟ್ಟಡಗಳು ಸೇರಿಕೊಂಡಿವೆ. ಹೈಕೋರ್ಟು ಬೆಳೆದಂತೆಲ್ಲ ಕಬ್ಬನ್ ಪಾರ್ಕಿನ ಕಡೆಗೆ ಮೊಣಕೈ ಚಾಚುತ್ತದೆ. ಉದ್ಯಾನವನ್ನು ಕಾಯಲು 1975ರ ಕಾನೂನಿದೆ. ಕಟ್ಟಡ ಉಳಿಸಬೇಕೆನ್ನುವವರಿಗೂ ಮರ ಉಳಿಸಬೇಕೆನ್ನುವವರಿಗೂ ಇಲ್ಲಿ ಒಮ್ಮೊಮ್ಮೆ ಮುಖಾಮುಖಿಯಾಗುತ್ತದೆ, ಇಬ್ಬರೂ ಒಳ್ಳೆಯವರೇ. ಹೈಕೋರ್ಟಿನ ಆವರಣದಲ್ಲಿ ಕುದುರೆಯೇರಿ ಕುಳಿತಿದ್ದ ಕಬ್ಬನ್ನನೂ ಈಗ ಅಲ್ಲಿಲ್ಲ. ಮರೊಚೆಟಿ ಎಂಬ ಶಿಲ್ಪಿ ಮಾಡಿದ, 1866ರಷ್ಟು ಹಳೆಯದಾದ ಆ ಪ್ರತಿಮೆಯನ್ನು 2020ರ ಜೂನಿನಲ್ಲಿ ಪಾರ್ಕಿನ ಬಾಲಭವನದ ಬಳಿಗೆ ಸಾಗಿಸಿದರು. ಅದಕ್ಕಾಗಿ ನಾನು ಕಣ್ಣೀರು ಹಾಕುವವನಲ್ಲ. ಆದರೆ ಮುದುಕ ಕಮಿಷನರ್ ಮಕ್ಕಳ ಆಟದ ಜಾಗಕ್ಕೆ ಹೋದದ್ದು ಅವನಿಗೆ ಬಡ್ತಿಯೋ ಶಿಕ್ಷೆಯೋ ಎಂದು ಯೋಚಿಸುವಂತಾಗುತ್ತದೆ.

ನಮ್ಮ ಕಡೆಯ ಅಪೀಲುಗಳು ಈಗ ಬೆಂಗಳೂರಿಗೆ ಹೋಗುವುದಿಲ್ಲ. 2008ರ ಜುಲೈಯಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಪ್ರಾರಂಭವಾಗಿ, 2013ರಲ್ಲಿ ಕಾಯಂ ಪೀಠವಾಯಿತು; ಉತ್ತರ ಕನ್ನಡ ಜಿಲ್ಲೆ ಅದಕ್ಕೆ ಸೇರಿದೆ. ಮದ್ರಾಸು, ಮುಂಬಯಿ, ಬೆಂಗಳೂರು, ಧಾರವಾಡ: ಎರಡು ಶತಮಾನಗಳಲ್ಲಿ ನ್ಯಾಯ ನಮ್ಮ ಹತ್ತಿರ ಹತ್ತಿರ ಬರುತ್ತಿದೆ. ಒಳ್ಳೆಯದೇ. ಆದರೆ ದೊಡ್ಡ ನ್ಯಾಯಾಲಯಗಳಿಗೆ ಅವುಗಳ ಅಭಿಮಾನಿಗಳಿದ್ದಾರೆ. ಮುಂಬಯಿಯ ಹೈಕೋರ್ಟು ಕಟ್ಟಡ 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಟ್ಟಡಗಳ ಸಮೂಹದಲ್ಲಿದೆ. ಬಾಂದ್ರಾದಲ್ಲಿ ಹೊಸ ಸಂಕೀರ್ಣಕ್ಕೆ 2024ರಲ್ಲಿ ಭೂಮಿಪೂಜೆಯಾಗಿದೆಯಾದರೂ, ಹಳೆಯದನ್ನು ಕೆಡವುವ ಮಾತನ್ನು ಅಲ್ಲಿ ಯಾರೂ ಸುಲಭವಾಗಿ ಎತ್ತಲಾರರು.

ಅರ್ಜಿ ಹಾಕುವವರಿಲ್ಲದೆ ಹೋಗುವುದು ತಾಲ್ಲೂಕಿನ ಹಳೆಯ ಕಚೇರಿ. ನಮ್ಮ ಕರಾವಳಿಯ ಅಂಥ ಕಟ್ಟಡಗಳಿಗೆ ಅಯೋನಿಕ್ ಕಂಬಗಳಿಲ್ಲ. ಚೀರೆಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಮಂಗಳೂರು ಹೆಂಚಿನ ಇಳಿಮಾಡು, ಮುಂದೆ ಮರದ ಕಂಬಗಳ ಜಗಲಿ — ಇಷ್ಟೇ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಸರಕಾರಿ ಕಟ್ಟಡಗಳಿಗೆಲ್ಲ ಒಂದೇ ಬಗೆಯ ಟೊಪ್ಪಿಗೆ ಬಂತು. ಇವು ಮಳೆಯೊಡನೆ ಒಪ್ಪಂದ ಮಾಡಿಕೊಂಡ ಕಟ್ಟಡಗಳು. ಚೀರೆಕಲ್ಲು ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಸುಣ್ಣದ ಮೂಲಕ ಉಸಿರು ಬಿಡುತ್ತದೆ. ರಿಪೇರಿಯ ಹೆಸರಿನಲ್ಲಿ ಅದರ ಮೇಲೆ ಸಿಮೆಂಟ್ ಬಳಿದರೆ ಒಳಗೆ ಹೋದ ನೀರಿಗೆ ಹೊರಗೆ ದಾರಿಯಿಲ್ಲ; ಗೋಡೆ ಒಳಗಿಂದಲೇ ಕೊಳೆಯುತ್ತದೆ, ತೊಲೆಯ ತುದಿ ಗೆದ್ದಲಿಗೆ ಆಹಾರವಾಗುತ್ತದೆ. ಒಂದು ಹೆಂಚು ಒಡೆದಾಗ ಬದಲಿಸಿದ್ದರೆ ಕೆಲವು ರೂಪಾಯಿಗಳಲ್ಲಿ ಮುಗಿಯುತ್ತಿದ್ದುದು, ನಾಲ್ಕು ಮಳೆಗಾಲ ಕಳೆದ ಮೇಲೆ 'ಶಿಥಿಲ' ಎಂಬ ಷರಾ ಪಡೆಯುತ್ತದೆ. ಆ ಒಂದು ಪದ ಕಡತದಲ್ಲಿ ಬಿದ್ದರೆ ಸಾಕು, ಅದಕ್ಕೆ ಅಪೀಲಿಲ್ಲ.

ಭಟ್ಕಳದ ಕೇತಪೈ ನಾರಾಯಣ ದೇವಾಲಯದಂಥ ಕಲ್ಲಿನ ಕೆಲಸವನ್ನು ಕಾಯಬೇಕೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸ್ಮಾರಕಗಳಿಗಾಗಿ ಕೇಂದ್ರದ 1958ರ ಕಾನೂನೂ ರಾಜ್ಯದ 1961ರ ಕಾನೂನೂ ಇವೆ. ಮುನ್ಸೀಫ ಕುಳಿತಿದ್ದ ಹೆಂಚಿನ ಮನೆ ಯಾವ ಪಟ್ಟಿಗೂ ಏರುವುದು ಕಷ್ಟ. ಅದರಲ್ಲಿ ಶಿಲ್ಪವಿಲ್ಲ, ಶಾಸನವಿಲ್ಲ. ಇರುವುದು ಜಗಲಿಯ ಕಲ್ಲುಹಾಸಿನಲ್ಲಿ ಕಾದವರು ಸವೆಸಿದ ಗುಂಡಿ ಮಾತ್ರ. ಪಟ್ಟಿಗೆ ಏರಿಸುವ ಮಾತು ಹಾಗಿರಲಿ. ಮೇ ತಿಂಗಳ ಕೊನೆಯ ವಾರದಲ್ಲಿ, ಮೊದಲ ಮಳೆ ಬೀಳುವುದಕ್ಕೆ ಮುಂಚೆ, ಒಬ್ಬ ಆಳನ್ನು ಮಾಡಿನ ಮೇಲೆ ಹತ್ತಿಸಿ ಒಡೆದ ಹೆಂಚುಗಳನ್ನು ಬದಲಿಸಿ, ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅಶ್ವತ್ಥದ ಸಸಿಯನ್ನು ಬೇರುಸಹಿತ ಕಿತ್ತು, ಆ ಜಾಗಕ್ಕೆ ಸಿಮೆಂಟಿನ ಬದಲು ಸುಣ್ಣವನ್ನು ತುಂಬಿಸುವಷ್ಟು ಹಣವನ್ನು ಪ್ರತಿವರ್ಷ ಬೇರೆಯಾಗಿ ತೆಗೆದಿಟ್ಟರೆ ಸಾಕು.